ಗಣಿಯಿಂದ ಅಂಗಡಿಗೆ: ಕಾರ್ನಿಷ್ ವಲಸಿಗನ ಬದುಕು

ಇಂಗ್ಲೆಂಡಿನ ನೈಋತ್ಯ ತುದಿಯ ಕಾರ್ನ್‌ವಾಲ್‌ನಿಂದ ಹತ್ತೊಂಬತ್ತನೆಯ ಶತಮಾನದಲ್ಲಿ ದಕ್ಷಿಣ ಆಸ್ಟ್ರೇಲಿಯಾಕ್ಕೆ ಹೋದ ಗಣಿಗಾರರಲ್ಲಿ ಕೆಲವರು ಮುಂದೆ ಅಂಗಡಿಯಿಟ್ಟರು. ಇದನ್ನು ಕೂಲಿಕಾರನು ವರ್ತಕನಾದ ಕಥೆಯೆಂದು ಓದುವುದು ಸುಲಭ. ಆದರೆ ಅವನು ಕೇವಲ ಕೂಲಿಕಾರನಾಗಿದ್ದನೆ ಎಂಬುದು ವಿಚಾರಾರ್ಹ.

ಕಾರ್ನ್‌ವಾಲ್‌ನ ಗಣಿಗಳಲ್ಲಿ ‘ಟ್ರಿಬ್ಯೂಟ್’ ಎಂಬ ಪದ್ಧತಿಯಿತ್ತು. ಗಣಿಯ ಒಂದು ಭಾಗವನ್ನು ಸಣ್ಣ ತಂಡವೊಂದು ಹರಾಜಿನಲ್ಲಿ ಹಿಡಿಯುತ್ತಿತ್ತು. ಕಡಿಮೆ ಪಾಲು ಕೇಳಿದವರಿಗೆ ಕೆಲಸ. ದಿನಗೂಲಿಯಿಲ್ಲ, ತೆಗೆದ ಅದಿರಿನ ಬೆಲೆಯಲ್ಲಿ ಗೊತ್ತುಮಾಡಿದ ಪಾಲು ಮಾತ್ರ. ಮೇಣದಬತ್ತಿ, ಸಿಡಿಮದ್ದು, ಹತಾರಗಳ ಹರಿತ ಇವೆಲ್ಲದರ ಖರ್ಚು ತಂಡದ್ದೇ. ಲೆಕ್ಕ ಚುಕ್ತಾ ಆಗುವವರೆಗೆ ಸಂಸಾರ ಮುಂಗಡದ ಮೇಲೆ ನಡೆಯಬೇಕು. ಅದಿರಿನ ಎಳೆಯನ್ನು ನೋಡಿ ಬೆಲೆ ಅಂದಾಜಿಸುವುದು, ಸಾಲವನ್ನೂ ಬರಬೇಕಾದುದನ್ನೂ ತೂಗಿನೋಡುವುದು ಅವನ ನಿತ್ಯದ ಅಭ್ಯಾಸ. ಅಂಗಡಿಯ ವಿದ್ಯೆಯ ಬಹುಪಾಲನ್ನು ಅವನು ನೆಲದಡಿಯಲ್ಲಿಯೇ ಕಲಿತಿದ್ದನು.

1845ರಲ್ಲಿ ಬರ್ರಾದಲ್ಲಿಯೂ 1861ರಲ್ಲಿ ಮೂಂಟಾದಲ್ಲಿಯೂ ತಾಮ್ರ ದೊರೆತಾಗ ಈ ಪದ್ಧತಿಯೂ ಅವನೊಡನೆ ಹಡಗೇರಿತು. ಬರ್ರಾದ 1848ರ ಮುಷ್ಕರಕ್ಕೆ ಕಿಡಿಯಾದದ್ದು ಅದಿರಿನ ಗುಣನಿರ್ಣಯದ ವಿವಾದವೇ. 1866ರಲ್ಲಿ ಕಾರ್ನ್‌ವಾಲ್‌ನ ತಾಮ್ರೋದ್ಯಮ ಕುಸಿದ ಮೇಲೆ ವಲಸೆ ಇನ್ನೂ ಹೆಚ್ಚಿತು. (1880ರ ದಶಕದಿಂದ ಜಾನ್ ಟೇಲರ್ ಕಂಪನಿಯ ಮೂಲಕ ಕೋಲಾರಕ್ಕೆ ಬಂದ ಕಾರ್ನಿಷರ ಸ್ಥಾನಮಾನ ಬೇರೆ; ಅದಕ್ಕೆ ಪ್ರತ್ಯೇಕ ಅಧ್ಯಯನವೇ ಬೇಕು.)

ಕಲ್ಲಿನ ಧೂಳು ಶ್ವಾಸಕೋಶವನ್ನು ಕೆಡಿಸುತ್ತಿದ್ದುದರಿಂದ ನಡುವಯಸ್ಸಿನ ಗಣಿಗಾರನಿಗೆ ಅಂಗಡಿ ಒಂದು ಆಸರೆ. ಆದರೂ ಅವನು ಗಣಿಯಿಂದ ಬಿಡುಗಡೆ ಪಡೆದನೆನ್ನಲಾಗದು. ಉದ್ರಿಗೆ ಕೊಳ್ಳುತ್ತಿದ್ದವರು ಗಣಿಯವರೇ. ಅವರ ಪಾಲು ಕುಸಿದರೆ ಇವನ ಬಾಕಿಯೂ ಮುಳುಗುತ್ತಿತ್ತು. ಬರ್ರಾದ ಗಣಿ 1877ರಲ್ಲಿ, ಮೂಂಟಾದ್ದು 1923ರಲ್ಲಿ ಮುಚ್ಚಿದವು.