ಗೂಗಲ್‌ಗೆ ಕಾಣದ ಕಪಾಟು: ಡೇಟಾಬೇಸ್ ತಾಣಗಳು ಹುಡುಕಿದವರಿಗೆ ಸಿಗುವಂತೆ ಮಾಡುವುದು ಹೇಗೆ?

ನಮ್ಮ ಸಂಘದ ಹಳೆಯ ಸಂಚಿಕೆಗಳ ಲೇಖನಗಳನ್ನೆಲ್ಲ ಒಂದು ಡೇಟಾಬೇಸ್‌ಗೆ ಹಾಕಿದೆವು. ಸಿಡ್ನಿಯ ಗೆಳೆಯರು ಟೈಪ್ ಮಾಡಿದರು, ಮೆಲ್ಬರ್ನ್‌ನವರು ತಾಣ ಕಟ್ಟಿದರು. ಮುಖಪುಟದಲ್ಲಿ ಒಂದು ಹುಡುಕು ಪೆಟ್ಟಿಗೆ. ಪದ ಹಾಕಿದರೆ ಲೇಖನ ಬರುತ್ತೆ. ನಮಗೆಲ್ಲ ಖುಷಿಯೋ ಖುಷಿ! ಆದರೆ ತಿಂಗಳುಗಳು ಕಳೆದರೂ ಗೂಗಲ್‌ನಲ್ಲಿ ನಮ್ಮ ಒಂದೇ ಒಂದು ಲೇಖನ ಸಿಗಲಿಲ್ಲ. ತಪ್ಪು ಗೂಗಲ್‌ನದಲ್ಲ, ನಮ್ಮದೇ. ಅದರಿಂದ ಕಲಿತ ಪಾಠ ಇಲ್ಲಿದೆ.

ಯಾಕೆ ಕಾಣಲ್ಲ?

ಸರ್ಚ್ ಎಂಜಿನ್‌ಗಳ ಕ್ರಾಲರ್ ಅಂದರೆ ಕೊಂಡಿಯಿಂದ ಕೊಂಡಿಗೆ ಹೋಗುತ್ತಾ ಪುಟಗಳನ್ನು ಓದುವ ಪ್ರೋಗ್ರಾಂ. ಹುಡುಕು ಪೆಟ್ಟಿಗೆಯಲ್ಲಿ ಪದ ತುಂಬಿ ಬಟನ್ ಒತ್ತುವ ಕೆಲಸವನ್ನು ಅದು ಸಾಮಾನ್ಯವಾಗಿ ಮಾಡಲ್ಲ. ಕೌಂಟರ್‌ನಲ್ಲಿ ಕೇಳಿದರೆ ಮಾತ್ರ ಒಳಗಿಂದ ಪುಸ್ತಕ ತಂದುಕೊಡುವ ಗ್ರಂಥಾಲಯಕ್ಕೆ, ಬಾಯಿಬಿಟ್ಟು ಏನನ್ನೂ ಕೇಳದ ಓದುಗ ಬಂದ ಹಾಗೆ. ಕಪಾಟಿನ ತುಂಬ ಪುಸ್ತಕ ಇದ್ದರೂ ಬರಿಗೈಲಿ ವಾಪಸ್ ಹೋಗ್ತಾನೆ.

ಇಲ್ಲಿಯವರು ಏನು ಮಾಡಿದರು?

ಸಿಡ್ನಿಯ ಪವರ್‌ಹೌಸ್ ಮ್ಯೂಸಿಯಂ 2006ರಲ್ಲೇ ತನ್ನ ಸಂಗ್ರಹದ ಹತ್ತಾರು ಸಾವಿರ ವಸ್ತುಗಳ ದಾಖಲೆಗಳನ್ನು ಜಾಲದಲ್ಲಿ ತೆರೆದಿಟ್ಟಿತು. ಒಂದೊಂದು ವಸ್ತುವಿಗೂ ಒಂದೊಂದು ಪುಟ. ಮೆಲ್ಬರ್ನ್‌ನ ಮ್ಯೂಸಿಯಮ್ಸ್ ವಿಕ್ಟೋರಿಯಾ ಕೂಡ ಹೀಗೇ ಮಾಡಿದೆ. ಸೈರಾಕ್ (CSIRAC) ಎಂಬ ಗಣಕವನ್ನೇ ತಗೊಳ್ಳಿ: 1949ರಲ್ಲಿ ಸಿಡ್ನಿಯಲ್ಲಿ ಮೊದಲು ಕೆಲಸ ಮಾಡಿ, 1955ರಲ್ಲಿ ಮೆಲ್ಬರ್ನ್‌ಗೆ ಬಂದು, 1964ರವರೆಗೆ ದುಡಿದ ಯಂತ್ರ. ಹಾಸನದಲ್ಲಿ ಕೂತ ವಿದ್ಯಾರ್ಥಿ ಅದರ ಹೆಸರನ್ನು ಗೂಗಲ್‌ನಲ್ಲಿ ಹುಡುಕಿದರೂ ಮ್ಯೂಸಿಯಂನ ದಾಖಲೆ ಸಿಗುತ್ತೆ. ಅಂಥ ಮ್ಯೂಸಿಯಂ ಇದೆ ಅಂತ ಅವನಿಗೆ ಮೊದಲೇ ಗೊತ್ತಿರಬೇಕಿಲ್ಲ. ಕನ್ನಡದಲ್ಲಿ ವಚನ ಸಂಚಯವೂ ಒಂದೊಂದು ವಚನಕ್ಕೆ ಒಂದೊಂದು ಪುಟ ಕೊಟ್ಟಿದೆ.

ನಾವು ಮಾಡಿಕೊಂಡ ಬದಲಾವಣೆಗಳು

1. ಪ್ರತಿ ದಾಖಲೆಗೂ ಬದಲಾಗದ ವಿಳಾಸ. 'ಲೇಖನ/412' ಅಂತಿದ್ದರೆ ಸಾಕು. ಬಂದವರಿಗೆಲ್ಲ ಬೇರೆ ಬೇರೆ ಸೆಷನ್ ಸಂಖ್ಯೆಯನ್ನು ವಿಳಾಸಕ್ಕೆ ಅಂಟಿಸಿದರೆ ಒಂದೇ ಲೇಖನ ನೂರು ಪುಟಗಳಂತೆ ಕಾಣುತ್ತೆ. ಒಂದೇ ಲೇಖನಕ್ಕೆ ಹಲವು ವಿಳಾಸ ಇರಲೇಬೇಕಾದರೆ, ಮುಖ್ಯವಾದದ್ದು ಯಾವುದೆಂದು ಕೆನಾನಿಕಲ್ ಟ್ಯಾಗ್‌ನಲ್ಲಿ ಹೇಳಬೇಕು. ವಿಳಾಸ ಬದಲಿಸಿದರೆ 301 ಮರುನಿರ್ದೇಶನ ಹಾಕಬೇಕು.

2. ಪಟ್ಟಿ ಪುಟಗಳು. ವರ್ಷವಾರು, ಲೇಖಕರವಾರು, ವಿಷಯವಾರು ಪಟ್ಟಿ ಮಾಡಿ, ಅಲ್ಲಿಂದ ಪ್ರತಿ ಲೇಖನಕ್ಕೂ ಸಾದಾ ಕೊಂಡಿ ಕೊಟ್ಟೆವು. ಕ್ರಾಲರ್‌ಗೆ ಇದೇ ದಾರಿ. ಓದುಗರಿಗೂ ಅನುಕೂಲ.

3. ಸೈಟ್‌ಮ್ಯಾಪ್. ಎಲ್ಲ ಪುಟಗಳ ವಿಳಾಸ ಇರುವ ಎಕ್ಸ್‌ಎಂಎಲ್ ಕಡತ. ಗೂಗಲ್ 2005ರಲ್ಲಿ ಶುರು ಮಾಡಿದ ಈ ಪದ್ಧತಿಯನ್ನು ಮರುವರ್ಷ ಯಾಹೂ, ಮೈಕ್ರೋಸಾಫ್ಟ್ ಕೂಡ ಒಪ್ಪಿಕೊಂಡವು. ಒಂದು ಕಡತದಲ್ಲಿ 50,000 ವಿಳಾಸಗಳವರೆಗೆ ಇರಬಹುದು. ಇದನ್ನು ಕೈಯಲ್ಲಿ ಬರೆಯಬೇಡಿ. ಡೇಟಾಬೇಸ್‌ನಿಂದಲೇ ತಾನಾಗಿ ತಯಾರಾಗಲಿ.

4. ಶೀರ್ಷಿಕೆ. ಮೊದಲು ನಮ್ಮ ಎಲ್ಲ ಪುಟಗಳ ಶೀರ್ಷಿಕೆಯೂ ಸಂಘದ ಹೆಸರೇ ಆಗಿತ್ತು! ಈಗ ಲೇಖನದ ಮತ್ತು ಲೇಖಕರ ಹೆಸರಿದೆ. ಇಲ್ಲಿ ಬೆಳೆದ ಎಷ್ಟೋ ಮಕ್ಕಳು ಕನ್ನಡ ಪದವನ್ನು ಇಂಗ್ಲಿಷ್ ಅಕ್ಷರದಲ್ಲೇ ಟೈಪ್ ಮಾಡ್ತಾರೆ ಅಲ್ವಾ? ಹಾಗಾಗಿ ಪುಟದಲ್ಲಿ ರೋಮನ್ ಲಿಪಿಯ ರೂಪವನ್ನೂ ಸೇರಿಸಿದೆವು.

5. ಯೂನಿಕೋಡ್. ಇದು ನಮ್ಮ ಭಾಷೆಯ ವಿಶೇಷ ತೊಂದರೆ. ನುಡಿ, ಬರಹದ ಹಳೆಯ ಫಾಂಟ್‌ಗಳಲ್ಲಿ ಕೂಡಿಸಿದ ಬರಹ ಪರದೆಯ ಮೇಲೆ ಕನ್ನಡವಾಗಿ ಕಂಡರೂ, ಒಳಗೆ ಇರೋದು ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಸಂಕೇತ. ಹುಡುಕುವ ಯಂತ್ರಕ್ಕೆ ಅದು ಕನ್ನಡವೇ ಅಲ್ಲ. ಹಳೆಯ ಕಡತಗಳನ್ನು ಯೂನಿಕೋಡ್‌ಗೆ ಪರಿವರ್ತಿಸಿ, ಒತ್ತಕ್ಷರಗಳನ್ನು ಕಣ್ಣಾರೆ ನೋಡಿ ತಿದ್ದಲೇಬೇಕು.

ಒಂದು ಎಚ್ಚರಿಕೆ

ಎಲ್ಲವೂ ಕಾಣಬೇಕು ಅಂತಲ್ಲ. ಸದಸ್ಯರ ಫೋನ್ ನಂಬರು, ಮನೆ ವಿಳಾಸ ಅದೇ ಡೇಟಾಬೇಸ್‌ನಲ್ಲಿ ಇರಬಹುದು. ರೋಬಾಟ್ಸ್ ಕಡತದಲ್ಲಿ 'ಇಲ್ಲಿಗೆ ಬರಬೇಡ' ಅಂತ ಬರೆದರೆ ಸಾಲದು. ಅದು ಬರೀ ವಿನಂತಿಯ ಫಲಕ, ಬೀಗ ಅಲ್ಲ. ಆ ಕಡತವನ್ನು ಯಾರು ಬೇಕಾದರೂ ಓದಬಹುದು. ಖಾಸಗಿ ಮಾಹಿತಿಗೆ ಪಾಸ್‌ವರ್ಡ್ ಇರಲೇಬೇಕು. ಇನ್ನೂ ಒಳ್ಳೆಯದು, ಅದನ್ನು ಬೇರೆ ಕಡೆಯೇ ಇಡುವುದು.

ಇಷ್ಟೆಲ್ಲ ಯಾಕೆ ಅಂದ್ರೆ, ಓದು ಮುಗಿಸಿ ನಾವೆಲ್ಲ ಒಂದೊಂದು ಊರಿಗೆ ಹೋಗುವವರು. ಸಮಿತಿ ಪ್ರತಿವರ್ಷ ಬದಲಾಗುತ್ತೆ. ನಾಳೆ ಬರುವ ಹುಡುಗಿಗೆ ನಮ್ಮ ತಾಣದ ಹೆಸರೇ ಗೊತ್ತಿರಲಿಕ್ಕಿಲ್ಲ. ಆದರೆ ಅವಳಿಗೆ ಬೇಕಾದ ಪದ ಗೊತ್ತಿರುತ್ತೆ. ಆ ಒಂದು ಪದ ಅವಳನ್ನು ನಮ್ಮ ಲೇಖನದವರೆಗೆ ಕರೆತಂದರೆ ನಾವು ಬರೆದದ್ದು ಸಾರ್ಥಕ. ನಿಮ್ಮ ಊರಿನ ಕನ್ನಡ ಶಾಲೆಯೋ, ಗ್ರಂಥಾಲಯವೋ ತಾಣ ಮಾಡಿದ್ದರೆ ಇವತ್ತೇ ಅದರ ಒಂದು ಲೇಖನದ ಹೆಸರನ್ನು ಗೂಗಲ್‌ನಲ್ಲಿ ಹಾಕಿ ನೋಡಿ. ಸಿಗದಿದ್ದರೆ, ಮೇಲಿನ ಪಟ್ಟಿಯ ಒಂದನೇ ಅಂಶದಿಂದ ಶುರು ಮಾಡಿ.