ಹಳೇ ಗಾಡಿಗೆ ಹೊಸ ಬಣ್ಣ: ರೊಕ್ಕ ಉಳಿಸೋದು ಎಲ್ಲಿ?

ಅಂಕಲಗಿ–ಗೋಕಾಕ ರಸ್ತೆಯಲ್ಲಿ ಅಪ್ಪ ಓಡಿಸಿದ ಹಳೇ ಸ್ಪ್ಲೆಂಡರ್ ಈಗ ನಿಮ್ಮ ಕೈಗೆ ಬಂದಿದೆ ಅಂದ್ಕೊಳ್ರಿ. ಎಂಜಿನ್ ಗಟ್ಟಿ, ಆದರೆ ಸ್ಟಿಕ್ಕರ್ ಹರಿದಿವೆ, ಬಣ್ಣ ಮಾಸಿದೆ. ಬಣ್ಣದ ಕೆಲಸದಲ್ಲಿ ದೊಡ್ಡ ಪಾಲು ತಿಕ್ಕೋದೇ. ಅದನ್ನು ನೀವೇ ಮಾಡಿದರೆ ಕೂಲಿ ಉಳೀತದ.

ಮೊದಲು ಪೆಟ್ರೋಲ್ ಬಸಿದು, ಟ್ಯಾಂಕ್ ಬಿಚ್ಚಿ ಬಯಲಲ್ಲಿ ಇಡ್ರಿ. ಖಾಲಿ ಟ್ಯಾಂಕಿನಲ್ಲೂ ಆವಿ ಇರ್ತದ. ಬೆಂಕಿ, ಹೇರ್ ಡ್ರೈಯರ್ ಹತ್ತಿರ ತರಬ್ಯಾಡ್ರಿ. ಬಿಸಿನೀರಿನ ಬಟ್ಟೆ ಹೊದಿಸಿದರೆ ಅಂಟು ಮೆತ್ತಗಾಗ್ತದ. ಹಳೇ ಎಟಿಎಂ ಕಾರ್ಡಿನ ಅಂಚಿನಿಂದ ಸ್ಟಿಕ್ಕರ್ ಎಬ್ಬಿಸ್ರಿ. ಉಳಿದ ಅಂಟನ್ನು ಸೀಮೆಎಣ್ಣೆಯಿಂದ ಒರೆಸಿ, ಸೋಪಿನ ನೀರಲ್ಲಿ ತೊಳೀರಿ. ಜಿಡ್ಡು ಉಳಿದರೆ ಬಣ್ಣ ಹಿಡಿಯೋದಿಲ್ಲ. ಸ್ಟಿಕ್ಕರ್ ಕ್ಲಿಯರ್ ಕೋಟಿನ ಅಡಿಗೆ ಇದ್ದರೆ ಏಳೋದಿಲ್ಲ. ಆಗ 400 ನಂಬರಿನ ವಾಟರ್ ಪೇಪರಿನಿಂದ ನೀರು ಹಾಕಿ ತಿಕ್ಕಬೇಕು. ಆಮೇಲೆ ಪ್ರೈಮರ್, 800 ನಂಬರಿನಲ್ಲಿ ಇನ್ನೊಮ್ಮೆ ತಿಕ್ಕಾಟ, ಕೊನೆಗೆ ತೆಳುವಾಗಿ ಎರಡು ಮೂರು ಸಲ ಬಣ್ಣ.

ಕ್ಲಿಯರ್ ಕೋಟಿನಲ್ಲಿ ಮಾತ್ರ ಜಿಪುಣತನ ಬೇಡ. ಸಾದಾ ಸ್ಪ್ರೇ ಡಬ್ಬಿಯ ಲ್ಯಾಕರ್ ಮೇಲೆ ಪೆಟ್ರೋಲ್ ಚೆಲ್ಲಿದರೆ ಅದು ಮೆತ್ತಗಾಗಿ ಎದ್ದು ಬರ್ತದ. ಹಾರ್ಡ್‌ನರ್ ಬೆರೆಸಿದ 2ಕೆ ಕ್ಲಿಯರ್ ತಡೀತದ. ಆದರೆ ಅದರಲ್ಲಿರುವ ಐಸೊಸೈನೇಟ್ ಶ್ವಾಸಕೋಶಕ್ಕೆ ಅಪಾಯ. ಹಾಸ್ಟೆಲಿನಲ್ಲಿ ಹೊಡೀಬ್ಯಾಡ್ರಿ, ಪೇಂಟರ್ ಕಡೆ ಕೊಡ್ರಿ.

ಬಣ್ಣ ಬದಲಿಸಿದರೆ ಆರ್‌ಸಿಯಲ್ಲೂ ತಿದ್ದಿಸಬೇಕು. ಮೊದಲಿನ ಬಣ್ಣವನ್ನೇ ಹಚ್ಚಿದರೆ ಆರ್‌ಟಿಒ ಅಲೆದಾಟವೂ ಉಳೀತದ.