ದೊಡ್ಡ ಕರುಳಿನ ಕ್ಯಾನ್ಸರ್ ಮತ್ತು ಬ್ಯಾಕ್ಟೀರಿಯಾ

ಸಯನ್‌ನ ಹೋಟೆಲುಗಳಲ್ಲಿ ದಿನವಿಡೀ ಗಲ್ಲಾದಲ್ಲಿ ಕೂರುವ ನಮ್ಮ ಮಾಲಕ ಬಂಧುಗಳಿಗೆ ಮಲದಲ್ಲಿ ರಕ್ತ ಕಂಡರೆ ಮೊದಲು ನೆನಪಾಗುವುದು ಮೂಲವ್ಯಾಧಿ. ಹೆಚ್ಚಿನ ಸಲ ಅದು ನಿಜವೂ ಹೌದು. ಆದರೆ ದೊಡ್ಡ ಕರುಳಿನ ಕ್ಯಾನ್ಸರಿನ ಸುಳಿವೂ ಅದೇ ಆಗಿರಬಹುದು.

ಈ ರೋಗದಲ್ಲಿ ಕೆಲವು ಬ್ಯಾಕ್ಟೀರಿಯಾಗಳ ಕೈವಾಡ ಈಗ ಕಾಣತೊಡಗಿದೆ. ಸಾಮಾನ್ಯವಾಗಿ ಬಾಯಿಯಲ್ಲಿ ವಾಸಿಸುವ ಫ್ಯುಸೋಬ್ಯಾಕ್ಟೀರಿಯಂ ಕರುಳಿನ ಗಡ್ಡೆಗಳಲ್ಲಿ ಹೇರಳವಾಗಿರುವುದು 2011ರಲ್ಲಿ ಗೊತ್ತಾಯಿತು. ಅದು ಕ್ಯಾನ್ಸರ್ ಕೋಶಗಳಿಗೆ ಅಂಟಿಕೊಂಡು ಅವುಗಳ ಬೆಳವಣಿಗೆಯನ್ನು ಚುರುಕುಗೊಳಿಸುತ್ತದೆಂದು 2013ರಲ್ಲಿ ತಿಳಿಯಿತು. ಇ-ಕೋಲಿಯ ಕೆಲವು ತಳಿಗಳು ಸ್ರವಿಸುವ ಕೋಲಿಬ್ಯಾಕ್ಟಿನ್ ಎಂಬ ವಿಷವಂತೂ ಡಿಎನ್‌ಎಗೇ ಗಾಯ ಮಾಡುತ್ತದೆ. 11 ದೇಶಗಳ 981 ರೋಗಿಗಳ ಗಡ್ಡೆಗಳನ್ನು ಪರಿಶೀಲಿಸಿದ 2025ರ ಅಧ್ಯಯನದಲ್ಲಿ ಆ ಗಾಯದ ಗುರುತು 70 ದಾಟಿದವರಿಗಿಂತ 40ರೊಳಗಿನವರಲ್ಲಿ 3.3 ಪಟ್ಟು ಹೆಚ್ಚು ಕಂಡಿತು.

ಕರುಳಿನ ಒಳ್ಳೆಯ ಬ್ಯಾಕ್ಟೀರಿಯಾಗಳಿಗೆ ಬೇಕಾದ್ದು ನಾರು. ಅದರಿಂದ ಅವು ತಯಾರಿಸುವ ಬ್ಯುಟಿರೇಟ್ ಕರುಳಿನ ಗೋಡೆಗೆ ಆಹಾರ. ಪ್ರಯೋಗಾಲಯದಲ್ಲಿ ಅದು ಕ್ಯಾನ್ಸರ್ ಕೋಶಗಳ ಬೆಳವಣಿಗೆಯನ್ನು ತಡೆದಿದೆ. ಹುದುಗು ಬಂದ ಇಡ್ಲಿ ಹಿಟ್ಟಿನ ಬ್ಯಾಕ್ಟೀರಿಯಾ ಸಾಲದೇ ಎನ್ನಬೇಡಿ, ಅವು ಹಬೆಯಲ್ಲೇ ಸಾಯುತ್ತವೆ! ಗಿರಾಕಿಗೆ ಬಡಿಸುವ ಕಾಳು, ತರಕಾರಿ ಪಲ್ಯ ಗಲ್ಲಾದವರ ತಟ್ಟೆಗೂ ಬರಲಿ.

ರಕ್ತ ಕಂಡರೆ, ಮಲವಿಸರ್ಜನೆಯ ಕ್ರಮ ಬದಲಾಗಿ ವಾರಗಳು ಕಳೆದರೆ, ಮೆಡಿಕಲ್ ಅಂಗಡಿಯ ಮುಲಾಮು ಹಚ್ಚಿ ಸುಮ್ಮನಾಗಬೇಡಿ. ಸಯನ್ ಆಸ್ಪತ್ರೆ ಹತ್ತಿರದಲ್ಲೇ ಇದೆ. ಕೊಲೊನೊಸ್ಕೋಪಿ ಬೇಕೇ ಎಂದು ವೈದ್ಯರನ್ನು ಕೇಳಿ.